ವಿಮಾನ ಹತ್ತುವ ಮುನ್ನ ಕಾಫಿ, ತಿಂಡಿ: ಗೇಟಿನಿಂದ ಹಿಂದಕ್ಕೆ ಲೆಕ್ಕ ಹಾಕಿ

ಹತ್ತು ಗಂಟೆಗೆ ವಿಮಾನ, ಈಗ ಒಂಬತ್ತು, ಇನ್ನೂ ಒಂದು ಗಂಟೆ ಇದೆಯಲ್ಲ ಎಂದು ಕಾಫಿಯ ಕ್ಯೂನಲ್ಲಿ ನಿಲ್ಲುವವರು ಬಹಳ. ಆ ಒಂದು ಗಂಟೆ ನಿಜಕ್ಕೂ ಅವರ ಕೈಯಲ್ಲಿ ಇರುವುದಿಲ್ಲ. ಹೆಚ್ಚಿನ ವಿಮಾನಗಳ ಗೇಟು ಹೊರಡುವ ಹೊತ್ತಿಗಿಂತ 15ರಿಂದ 20 ನಿಮಿಷ ಮೊದಲೇ ಮುಚ್ಚಿಬಿಡುತ್ತದೆ. ಮುಚ್ಚಿದ ಮೇಲೆ ವಿಮಾನ ಗಾಜಿನಾಚೆ ಕಣ್ಣಿಗೆ ಕಾಣುವಂತೆ ನಿಂತಿದ್ದರೂ ಒಳಗೆ ಬಿಡುವುದಿಲ್ಲ. ಬೋರ್ಡಿಂಗ್ ಶುರುವಾಗುವುದು ಇನ್ನೂ ಮೊದಲು: ಸಣ್ಣ ಪ್ರಯಾಣಕ್ಕೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಮುಂಚೆ, ದೂರದ ಪ್ರಯಾಣಕ್ಕೆ ಒಂದು ಗಂಟೆ ಮುಂಚೆಯೂ ಇರಬಹುದು.

ಹಾಗಾಗಿ ಕಾಫಿ, ತಿಂಡಿಯ ಸಮಯವನ್ನು ಗೇಟಿನಿಂದ ಹಿಂದಕ್ಕೆ ಎಣಿಸಬೇಕು. ಇದೊಂದು ಅಭ್ಯಾಸವಾದರೆ ಉಳಿದ ಗೊಂದಲ ಮುಕ್ಕಾಲು ಪಾಲು ಕರಗುತ್ತದೆ.

ಒಂದು ಉದಾಹರಣೆ ಹಾಕಿ ನೋಡೋಣ. ವಿಮಾನ 10:00ಕ್ಕೆ. ಗೇಟು ಮುಚ್ಚುವುದು 9:40ಕ್ಕೆ, ಬೋರ್ಡಿಂಗ್ ಶುರು 9:15ಕ್ಕೆ. ನೀವು ಗೇಟಿನ ಹತ್ತಿರ ಇರಬೇಕಾದ್ದು 9:15ಕ್ಕೇ. ಅದಕ್ಕೂ ಮೊದಲು ಶೌಚಾಲಯಕ್ಕೆ ಹೋಗಿ ಬರಲು, ಬಾಟಲಿಗೆ ನೀರು ತುಂಬಿಸಿಕೊಳ್ಳಲು ಹತ್ತು ನಿಮಿಷ ಬೇಕು; ಅಲ್ಲಿಗೆ 9:05. ಅಂಗಡಿಯಿಂದ ಗೇಟಿಗೆ ನಡೆಯಲು ಇನ್ನೊಂದು ಹತ್ತು, 8:55. ಕೂತು ತಿಂದು ಕುಡಿಯಲು ಇಪ್ಪತ್ತು, 8:35. ಕ್ಯೂ, ಹಣ ಕೊಡುವುದು, ಕಾಫಿ ಕೈಗೆ ಬರುವುದು, ಇದಕ್ಕೆಲ್ಲ ಹದಿನೈದು, 8:20. ಅಂದರೆ ನೆಮ್ಮದಿಯಾಗಿ ಕೂತು ಕಾಫಿ ಕುಡಿಯಬೇಕೆಂದರೆ ಹತ್ತು ಗಂಟೆಯ ವಿಮಾನಕ್ಕೆ ಎಂಟು ಇಪ್ಪತ್ತಕ್ಕೆ ಭದ್ರತಾ ತಪಾಸಣೆ ಮುಗಿದಿರಬೇಕು. ತಪಾಸಣೆ ಮುಗಿದಾಗ 8:50 ಆಗಿದ್ದರೆ ಕೂರುವ ಆಸೆ ಬಿಡಿ. ಗೇಟಿನ ದಾರಿಯಲ್ಲೇ ಸಿಗುವ, ತಯಾರಾಗಿ ಇಟ್ಟಿರುವ ತಿಂಡಿ ಕೊಂಡು ನಡೆಯಿರಿ. 9:10 ಆಗಿದ್ದರೆ ನೀರು ಮಾತ್ರ ಸಾಕು, ನೇರ ಗೇಟಿಗೆ ಹೋಗಿ.

ಮನೆಯಿಂದ ತರುವುದಾದರೆ

ನಿಲ್ದಾಣದೊಳಗಿನ ಕ್ಯೂ ತಪ್ಪಿಸಲು ಎಲ್ಲಕ್ಕಿಂತ ಒಳ್ಳೆಯ ದಾರಿ ತಿಂಡಿಯನ್ನು ಮನೆಯಿಂದಲೇ ತಂದು, ಅಲ್ಲಿ ಕಾಫಿ ಮಾತ್ರ ಕೊಳ್ಳುವುದು. ಗಟ್ಟಿ ಪದಾರ್ಥಗಳಿಗೆ ತಪಾಸಣೆಯಲ್ಲಿ ಸಾಮಾನ್ಯವಾಗಿ ಅಡ್ಡಿಯಿಲ್ಲ. ಬ್ರೆಡ್ಡು, ಬಿಸ್ಕತ್ತು, ಒಣಹಣ್ಣು, ಬೀಜಗಳು, ಬಾಳೆಹಣ್ಣು ಎಲ್ಲವೂ ಸಲೀಸಾಗಿ ದಾಟುತ್ತವೆ. ತೊಡಕು ಬರುವುದು ದ್ರವ ಮತ್ತು ಅರೆದ್ರವದಲ್ಲಿ. 2006ರ ಆಗಸ್ಟ್‌ನಲ್ಲಿ ದ್ರವ ಸ್ಫೋಟಕ ಬಳಸಿ ವಿಮಾನಗಳನ್ನು ಉರುಳಿಸುವ ಸಂಚು ಬ್ರಿಟನ್‌ನಲ್ಲಿ ಬಯಲಾದ ಮೇಲೆ ಕೈಚೀಲದ ದ್ರವಗಳಿಗೆ ಮಿತಿ ಬಂತು. ಒಂದೊಂದು ಡಬ್ಬಿ 100 ಮಿಲಿಲೀಟರ್ ಮೀರಬಾರದು, ಎಲ್ಲ ಡಬ್ಬಿಗಳೂ ಸುಮಾರು ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿ ಹಿಡಿಯಬೇಕು ಎಂಬ ನಿಯಮ ಅಲ್ಲಿಂದ ಮುಂದೆ ಬಹಳಷ್ಟು ದೇಶಗಳಿಗೆ ಹಬ್ಬಿತು. ಅಳೆಯುವುದು ಡಬ್ಬಿಯ ಗಾತ್ರವನ್ನು. 200 ಮಿಲಿಲೀಟರಿನ ಡಬ್ಬಿಯ ತಳದಲ್ಲಿ ಎರಡು ಚಮಚ ಉಳಿದಿದ್ದರೂ ಅದು ಮಿತಿ ದಾಟಿದ್ದೇ.

ಮೊಸರು, ಜ್ಯಾಮ್, ಜೇನು, ಕಡಲೆಕಾಯಿ ಬೆಣ್ಣೆ, ಸವರುವ ಚೀಸ್, ಸಾಸ್, ಸೂಪ್ ಇವೆಲ್ಲ ದ್ರವದ ಲೆಕ್ಕಕ್ಕೇ ಸೇರುತ್ತವೆ ಎಂಬುದು ಹಲವರಿಗೆ ತಪಾಸಣೆಯ ಟ್ರೇ ಮುಂದೆ ನಿಂತಾಗಲೇ ತಿಳಿಯುತ್ತದೆ. ಅವನ್ನೇ ಬ್ರೆಡ್ಡಿನ ಒಳಗೆ ಸವರಿ ತಂದರೆ ಸ್ಯಾಂಡ್‌ವಿಚ್ ಆಗುತ್ತದೆ, ಯಾರೂ ತಡೆಯುವುದಿಲ್ಲ. ಮಗುವಿನ ಹಾಲು, ಮಗುವಿನ ಆಹಾರ, ವೈದ್ಯರು ಹೇಳಿದ ದ್ರವ ಔಷಧಿಗಳಿಗೆ ಪ್ರಯಾಣಕ್ಕೆ ಬೇಕಾಗುವಷ್ಟು ವಿನಾಯಿತಿ ಇರುತ್ತದೆ. ಆದರೆ ಅವನ್ನು ಚೀಲದಿಂದ ಹೊರತೆಗೆದು, ಏನೆಂದು ಮೊದಲೇ ಹೇಳಿ. ಚೀಲದೊಳಗಿನದನ್ನು ಎಲ್ಲ ಕೋನದಿಂದ ತೋರಿಸುವ ಹೊಸ ಬಗೆಯ ಸಿ.ಟಿ. (CT) ಸ್ಕ್ಯಾನರ್ ಬಂದಿರುವ ಕೆಲವು ನಿಲ್ದಾಣಗಳು ಈ 100 ಮಿಲಿಲೀಟರ್ ಮಿತಿಯನ್ನು ಸಡಿಲಿಸಿವೆ. ಹೊರಡುವ ಊರಿನಲ್ಲಿ ಸಡಿಲವಿದೆ ಎಂದಮಾತ್ರಕ್ಕೆ ವಿಮಾನ ಬದಲಿಸುವ ಊರಿನಲ್ಲೂ ಇರುತ್ತದೆ ಎಂದುಕೊಳ್ಳಬೇಡಿ.

ಕಾಫಿಪುಡಿ ಒಯ್ಯುವವರಿಗೆ ಒಂದು ಮಾತು. ಅಮೆರಿಕಕ್ಕೆ ಹೋಗುವ ಅಂತರರಾಷ್ಟ್ರೀಯ ವಿಮಾನಗಳಲ್ಲಿ 2018ರಿಂದ ಕೈಚೀಲದ ಪುಡಿ ಪದಾರ್ಥಗಳ ಮೇಲೂ ಕಣ್ಣಿದೆ. 350 ಮಿಲಿಲೀಟರ್ ಡಬ್ಬಿಗಿಂತ ಹೆಚ್ಚಿನ ಪುಡಿ ಇದ್ದರೆ ಹೆಚ್ಚುವರಿ ತಪಾಸಣೆ ಆಗುತ್ತದೆ, ತೃಪ್ತಿಯಾಗದಿದ್ದರೆ ಒಳಗೆ ಬಿಡದೆಯೂ ಇರಬಹುದು. ಅದನ್ನು ಚೆಕ್-ಇನ್ ಸಾಮಾನಿನಲ್ಲಿ ಹಾಕುವುದು ಲೇಸು.

ಮರೆಯದೆ ಇಟ್ಟುಕೊಳ್ಳಬೇಕಾದ ವಸ್ತು ಖಾಲಿ ಬಾಟಲಿ. ಖಾಲಿಯಾಗಿದ್ದರೆ ಅದಕ್ಕೆ ಯಾವ ಮಿತಿಯೂ ಇಲ್ಲ, ಒಳಗೆ ಹೋದ ಮೇಲೆ ತುಂಬಿಸಿಕೊಳ್ಳಬಹುದು.

ಮನೆಯ ತಿಂಡಿಗೆ ಇನ್ನೊಂದು ಗಡಿಯಾರವೂ ಇದೆ. ಮೊಟ್ಟೆ, ಮಾಂಸ, ಹಾಲಿನ ಪದಾರ್ಥ ಹಾಕಿದ ತಿಂಡಿ ಫ್ರಿಜ್‌ನಿಂದ ಹೊರಬಂದ ಮೇಲೆ ಎರಡು ಗಂಟೆಯೊಳಗೆ ಹೊಟ್ಟೆ ಸೇರಬೇಕು. 32 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಲಿನಲ್ಲಾದರೆ ಒಂದೇ ಗಂಟೆ. ಮನೆಯಿಂದ ನಿಲ್ದಾಣಕ್ಕೆ ಒಂದು ಗಂಟೆ, ತಪಾಸಣೆಗೆ ಒಂದು ಗಂಟೆ ಎಂದರೆ ಆ ಅವಧಿ ಅಲ್ಲಿಗೇ ಮುಗಿಯಿತು. ಇಂಥ ತಿಂಡಿಯನ್ನು ವಿಮಾನದಲ್ಲಿ ತಿನ್ನೋಣ ಎಂದು ಉಳಿಸಿಕೊಳ್ಳಬೇಡಿ.

ಮೊದಲು ಗೇಟು ನೋಡಿ, ಆಮೇಲೆ ಕಾಫಿ

ತಪಾಸಣೆ ದಾಟಿದ ತಕ್ಷಣ ಎದುರಿಗೆ ಘಮಘಮಿಸುವ ಅಂಗಡಿಗಳ ಸಾಲು ಇರುತ್ತದೆ. ಎಲ್ಲರೂ ಅಲ್ಲೇ ನಿಲ್ಲುತ್ತಾರೆ, ಹಾಗಾಗಿ ಕ್ಯೂ ಕೂಡ ಅಲ್ಲೇ ಅತಿ ಉದ್ದ. ನನ್ನ ಸಲಹೆ: ಮೊದಲು ಪರದೆಯಲ್ಲಿ ನಿಮ್ಮ ಗೇಟಿನ ಸಂಖ್ಯೆ ನೋಡಿ, ಗೇಟಿನ ಕಡೆಗೆ ನಡೆಯಿರಿ, ದಾರಿಯಲ್ಲಿ ಸಿಗುವ ಎರಡನೆಯ ಅಥವಾ ಮೂರನೆಯ ಅಂಗಡಿಯಲ್ಲಿ ನಿಲ್ಲಿ. ನಡೆಯುವ ದೂರವನ್ನು ಹೀಗೆ ಅಂದಾಜು ಮಾಡಬಹುದು: ಸಾಮಾನ್ಯ ನಡಿಗೆಯಲ್ಲಿ ನಿಮಿಷಕ್ಕೆ 80 ಮೀಟರ್ ಸಾಗುತ್ತೇವೆ. 800 ಮೀಟರ್ ದೂರದ ಗೇಟಿಗೆ ಹತ್ತು ನಿಮಿಷ; ಮಕ್ಕಳು, ಹಿರಿಯರು, ಭಾರದ ಚೀಲ ಜೊತೆಗಿದ್ದರೆ ಹದಿನೈದು.

ಇಲ್ಲಿ ಮೂರು ವಿಷಯ ಗಮನಿಸಬೇಕು. ಒಂದು, ನಿಮಗೂ ಗೇಟಿಗೂ ನಡುವೆ ಪಾಸ್‌ಪೋರ್ಟ್ ತಪಾಸಣೆ ಇದೆಯೇ? ಇದ್ದರೆ ಅದನ್ನು ಮುಗಿಸಿಕೊಂಡೇ ಕಾಫಿಗೆ ನಿಲ್ಲಿ, ಏಕೆಂದರೆ ಅಲ್ಲಿನ ಸರತಿ ಎಷ್ಟು ಉದ್ದವಿದೆ ಎಂದು ಈಚೆ ಕಡೆಯಿಂದ ಕಾಣುವುದಿಲ್ಲ. ಎರಡು, ಗೇಟಿನ ಬಾಗಿಲಲ್ಲೇ ಭದ್ರತಾ ತಪಾಸಣೆ ಇದೆಯೇ? ಸಿಂಗಪುರದ ಚಾಂಗಿ ನಿಲ್ದಾಣದ 1, 2, 3ನೇ ಟರ್ಮಿನಲ್‌ಗಳಲ್ಲಿ ಹೀಗೇ ಇದೆ. ಅಲ್ಲಿ ಕೈಯಲ್ಲಿರುವ ಕಾಫಿಯನ್ನೂ ತುಂಬಿದ ನೀರಿನ ಬಾಟಲಿಯನ್ನೂ ಗೇಟಿನ ಒಳಗೆ ಒಯ್ಯಲು ಆಗುವುದಿಲ್ಲ. ಇಂಥ ಕಡೆ ಕುಡಿದು ಮುಗಿಸಿಯೇ ಹೋಗಬೇಕು, ಗೇಟಿಗೂ ಸ್ವಲ್ಪ ಮುಂಚೆ ಹೋಗಬೇಕು. ಮೂರು, ಗೇಟಿನಿಂದ ವಿಮಾನಕ್ಕೆ ಬಸ್ಸಿನಲ್ಲಿ ಹೋಗಬೇಕೇ? ಬಸ್ಸಿನ ಗೇಟುಗಳಲ್ಲಿ ಕೊನೆಯ ಬಸ್ಸು ಹೊರಟಿತೆಂದರೆ ಮುಗಿಯಿತು, ಬಿಸಿ ಕಪ್ ಹಿಡಿದು ಬಸ್ಸಿನ ಕುಲುಕಾಟದಲ್ಲಿ ನಿಲ್ಲುವುದೂ ಅಪಾಯ.

ಧ್ವನಿವರ್ಧಕದ ಕರೆಯನ್ನು ನಂಬಿ ಕೂರಬೇಡಿ. ಬೋರ್ಡಿಂಗ್ ಕರೆಗಳನ್ನು ಇಡೀ ಟರ್ಮಿನಲ್‌ಗೆ ಕೇಳುವಂತೆ ಕೂಗುವುದನ್ನು ಎಷ್ಟೋ ನಿಲ್ದಾಣಗಳು ನಿಲ್ಲಿಸಿವೆ. ಗೇಟು ಬದಲಾದರೂ ಪರದೆಯಲ್ಲಿ ಮಾತ್ರ ಕಾಣಿಸುತ್ತದೆ. ಪರದೆ ಕಾಣುವ ಮೇಜನ್ನೇ ಆರಿಸಿ, ಮೊಬೈಲ್‌ನಲ್ಲಿ ಬೋರ್ಡಿಂಗ್ ಸಮಯಕ್ಕೆ ಹತ್ತು ನಿಮಿಷ ಮುಂಚಿನ ಅಲಾರಂ ಇಟ್ಟುಕೊಳ್ಳಿ.

ಕ್ಯೂ ಓದುವುದನ್ನು ಕಲಿಯಿರಿ

ಕ್ಯೂನಲ್ಲಿ ಎಷ್ಟು ಜನ ಇದ್ದಾರೆ ಎಂಬುದಷ್ಟೇ ಸಾಲದು. ಹಣ ಕೊಟ್ಟು ಕಾಫಿಗಾಗಿ ಪಕ್ಕದಲ್ಲಿ ಕಾಯುತ್ತಿರುವವರನ್ನೂ ಎಣಿಸಿ. ಕ್ಯೂನಲ್ಲಿ ನಾಲ್ವರೇ ಇದ್ದು ಪಕ್ಕದಲ್ಲಿ ಹನ್ನೆರಡು ಮಂದಿ ಕಪ್ಪಿಗಾಗಿ ಕಾಯುತ್ತಿದ್ದರೆ ಅದು ನಿಧಾನದ ಅಂಗಡಿ. ಒಂದು ಎಸ್ಪ್ರೆಸೊ (ಯಂತ್ರದ ಒತ್ತಡದಲ್ಲಿ ಇಳಿಸುವ ಗಟ್ಟಿ ಕಾಫಿ) ಇಳಿಯಲು 25ರಿಂದ 30 ಸೆಕೆಂಡು ಬೇಕು. ಅದಕ್ಕೆ ಪುಡಿ ತುಂಬಿಸಿ ಒತ್ತುವುದು, ಹಾಲನ್ನು ಹಬೆಯಲ್ಲಿ ನೊರೆ ಬರಿಸುವುದು, ಕಪ್ಪಿಗೆ ಸುರಿಯುವುದು ಎಲ್ಲ ಸೇರಿ ಹಾಲಿನ ಕಾಫಿಯೊಂದಕ್ಕೆ ಒಂದೂವರೆ, ಎರಡು ನಿಮಿಷ ಹಿಡಿಯುತ್ತದೆ. ಒಬ್ಬರೇ ಮಾಡುತ್ತಿದ್ದರೆ ಹನ್ನೆರಡು ಕಪ್ಪಿಗೆ ಇಪ್ಪತ್ತು ನಿಮಿಷದ ಹತ್ತಿರ ಹೋಯಿತು. ಅದೇ ಅಂಗಡಿಯಲ್ಲಿ ಮೊದಲೇ ಇಳಿಸಿ ಫ್ಲಾಸ್ಕಿನಲ್ಲಿಟ್ಟ ಫಿಲ್ಟರ್ ಕಾಫಿ ಇದ್ದರೆ ಕೇಳಿ ನೋಡಿ. ಅದು ಹಣ ಕೊಟ್ಟ ಕೂಡಲೇ ಕೈಗೆ ಬರುತ್ತದೆ. ಕಾಫಿಯೇ ಪ್ರಧಾನವಲ್ಲದ ಪುಸ್ತಕದಂಗಡಿ, ದಿನಸಿ ಅಂಗಡಿಗಳಲ್ಲೂ ಒಂದು ಯಂತ್ರ ಇರುತ್ತದೆ, ಕ್ಯೂ ಇರುವುದಿಲ್ಲ.

ಕೆಲವು ಅಂಗಡಿಗಳಲ್ಲಿ ಮೊಬೈಲ್‌ನಲ್ಲೇ ಮುಂಚೆ ಆರ್ಡರ್ ಕೊಡಬಹುದು. ತಪಾಸಣೆಯ ಸರತಿಯಲ್ಲಿ ನಿಂತಾಗಲೇ ಆರ್ಡರ್ ಒತ್ತಬೇಡಿ, ತಪಾಸಣೆ ತಡವಾದರೆ ಕಾಫಿ ಆರಿಹೋಗುತ್ತದೆ. ಚೀಲ ಕೈಗೆ ಬಂದ ಮೇಲೆ ಒತ್ತಿ. ಒಂದೇ ಕಂಪನಿಯ ಎರಡು ಮೂರು ಅಂಗಡಿಗಳು ಒಂದೇ ನಿಲ್ದಾಣದಲ್ಲಿ ಇರುವುದುಂಟು, ನಿಮ್ಮ ಟರ್ಮಿನಲ್ಲಿನದ್ದನ್ನೇ ಆರಿಸಿದ್ದೀರಾ ನೋಡಿಕೊಳ್ಳಿ.

ಬೇರೆ ದೇಶದಲ್ಲಿ ಕಾರ್ಡಿನಿಂದ ಹಣ ಕೊಡುವಾಗ ಯಂತ್ರ ಒಮ್ಮೊಮ್ಮೆ ಕೇಳುತ್ತದೆ: ಇಲ್ಲಿನ ಹಣದಲ್ಲೋ, ನಿಮ್ಮ ದೇಶದ ಹಣದಲ್ಲೋ? ಅಲ್ಲಿನ ಹಣವನ್ನೇ ಒತ್ತಿ. ನಿಮ್ಮ ದೇಶದ ಹಣ ಎಂದರೆ ವಿನಿಮಯ ದರವನ್ನು ಆ ಯಂತ್ರದವರು ನಿಗದಿ ಮಾಡುತ್ತಾರೆ, ಸಾಮಾನ್ಯವಾಗಿ ಅದು ನಿಮ್ಮ ಬ್ಯಾಂಕಿನ ದರಕ್ಕಿಂತ ದುಬಾರಿ.

ಇಬ್ಬರು ಮೂವರು ಇದ್ದರೆ ಒಬ್ಬರು ಚೀಲಗಳ ಜೊತೆ ಕೂರಲಿ, ಒಬ್ಬರು ಕ್ಯೂಗೆ ಹೋಗಲಿ. ಒಂಟಿಯಾಗಿದ್ದರೆ ಚೀಲ ಜೊತೆಯಲ್ಲೇ ಇರಬೇಕು. ವಾರಸುದಾರರಿಲ್ಲದ ಚೀಲ ಕಂಡರೆ ಭದ್ರತೆಯವರು ಬಂದೇ ಬರುತ್ತಾರೆ. ಬೋರ್ಡಿಂಗ್ ಪಾಸ್ ಅವರವರ ಕೈಯಲ್ಲೇ ಇರಲಿ.

ಯಾವ ಕಾಫಿ, ಎಷ್ಟು

ಒಂದು ಎಸ್ಪ್ರೆಸೊದಲ್ಲಿ ಸುಮಾರು 60ರಿಂದ 80 ಮಿಲಿಗ್ರಾಂ ಕೆಫೀನ್ ಇರುತ್ತದೆ. 240 ಮಿಲಿಲೀಟರಿನ ಫಿಲ್ಟರ್ ಕಾಫಿಯಲ್ಲಿ 95ರ ಆಸುಪಾಸು. ನಿಲ್ದಾಣದ ಅಂಗಡಿಗಳ ದೊಡ್ಡ ಕಪ್ ಇದರ ಎರಡರಷ್ಟು ಇರುವುದರಿಂದ ಒಂದೇ ಕಪ್ಪಿನಲ್ಲಿ 200 ಮಿಲಿಗ್ರಾಂ ಹೋಗಿಬಿಡಬಹುದು. ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಹೇಳಿರುವಂತೆ ಆರೋಗ್ಯವಂತ ವಯಸ್ಕರಿಗೆ ಒಂದು ಸಲಕ್ಕೆ 200, ದಿನಕ್ಕೆ 400 ಮಿಲಿಗ್ರಾಂವರೆಗೆ ತೊಂದರೆಯಿಲ್ಲ. ಗರ್ಭಿಣಿಯರಿಗೆ ದಿನಕ್ಕೇ 200. ಒಂದು ಸಣ್ಣ ಕಪ್ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಬೇಗ ತಯಾರಾಗುತ್ತದೆ, ಬೇಗ ಮುಗಿಯುತ್ತದೆ, ಹೊಟ್ಟೆಗೂ ಹಗುರ.

ವಿಮಾನದಲ್ಲಿ ನಿದ್ದೆ ಮಾಡಬೇಕೆಂದಿದ್ದರೆ ಇನ್ನೂ ಯೋಚಿಸಿ. ದೇಹದಲ್ಲಿ ಕೆಫೀನ್ ಅರ್ಧಕ್ಕೆ ಇಳಿಯಲು ಸರಾಸರಿ ಐದು ಗಂಟೆ ಬೇಕು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮಲಗುವ ಆರು ಗಂಟೆ ಮೊದಲು 400 ಮಿಲಿಗ್ರಾಂ ತೆಗೆದುಕೊಂಡವರ ನಿದ್ದೆ ಕೂಡ ಒಂದು ಗಂಟೆಗೂ ಹೆಚ್ಚು ಕಡಿಮೆಯಾಗಿತ್ತು. ರಾತ್ರಿ ಹೊರಟು ಬೆಳಿಗ್ಗೆ ಇಳಿಯುವ ವಿಮಾನಕ್ಕೆ ಮುನ್ನ ಡಿಕ್ಯಾಫ್, ಅಂದರೆ ಕೆಫೀನ್ ತೆಗೆದ ಕಾಫಿ, ಕುಡಿಯಿರಿ. ಅದರಲ್ಲೂ ಕಪ್ಪಿಗೆ ಹೆಚ್ಚೆಂದರೆ 15 ಮಿಲಿಗ್ರಾಂ ಕೆಫೀನ್ ಇರುತ್ತದೆ, ನಿದ್ದೆ ಕೆಡಿಸುವಷ್ಟಲ್ಲ.

ಆತುರದಲ್ಲಿ ಬಾಯಿ ಸುಟ್ಟುಕೊಳ್ಳುವುದು ಇಲ್ಲಿ ತೀರಾ ಸಾಮಾನ್ಯ. ಪೇಪರ್ ಕಪ್ಪಿನ ಮುಚ್ಚಳ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಕುಡಿಯುವವರಿಗೆ ಎಷ್ಟು ಬಿಸಿಯಿದೆ ಎಂದು ತಿಳಿಯುವುದೇ ಇಲ್ಲ. 65 ಡಿಗ್ರಿಗಿಂತ ಬಿಸಿಯಾದ ಪಾನೀಯಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2016ರಲ್ಲಿ ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗಬಹುದಾದವುಗಳ ಸಾಲಿಗೆ ಸೇರಿಸಿದೆ. ಮುಚ್ಚಳ ತೆಗೆದಿಟ್ಟು ಮೊದಲು ತಿಂಡಿ ತಿನ್ನಿ. ಐದಾರು ನಿಮಿಷದಲ್ಲಿ ಕಾಫಿ ಹದಕ್ಕೆ ಬರುತ್ತದೆ. ಸಮಯ ಇಲ್ಲವೇ ಇಲ್ಲ ಎಂದರೆ ಸ್ವಲ್ಪ ತಣ್ಣನೆಯ ಹಾಲು ಹಾಕಿಸಿಕೊಳ್ಳಿ.

ಬೆಳಗಿನ ಮಾತ್ರೆ ನುಂಗುವವರಿಗೆ ಈ ಮಾತು ವಿಶೇಷವಾಗಿ. ಥೈರಾಯ್ಡ್‌ಗೆ ಕೊಡುವ ಲೆವೊಥೈರಾಕ್ಸಿನ್ ಮಾತ್ರೆಯನ್ನು ಕಾಫಿ ಜೊತೆ ನುಂಗಿದರೆ ಅದು ಸರಿಯಾಗಿ ಮೈಗೆ ಹತ್ತುವುದಿಲ್ಲ. ಅರ್ಧದಿಂದ ಒಂದು ಗಂಟೆ ಅಂತರ ಬೇಕು. ಕಬ್ಬಿಣಾಂಶದ ಮಾತ್ರೆಗೂ ಕಾಫಿಗೂ ಆಗಿಬರುವುದಿಲ್ಲ. ನಸುಕಿನ ವಿಮಾನವಾದರೆ ಮನೆ ಬಿಡುವಾಗಲೇ ನೀರಿನ ಜೊತೆ ನುಂಗಿಬಿಡಿ, ನಿಲ್ದಾಣಕ್ಕೆ ಬರುವಷ್ಟರಲ್ಲಿ ಕಾಫಿಗೆ ದಾರಿಯಾಗಿರುತ್ತದೆ.

ವಿಮಾನದಲ್ಲೇ ಕಾಫಿ ಕೊಡುತ್ತಾರಲ್ಲ ಎಂದು ಕೇಳಬಹುದು. ಮೇಲೆ ಹೋದ ಮೇಲೆ ಕ್ಯಾಬಿನ್ ಒತ್ತಡ ಕಡಿಮೆಯಾಗುವುದರಿಂದ ನೀರು 92 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ, ಒಣ ಗಾಳಿಯಿಂದ ಮೂಗು ಒಣಗಿ ಪರಿಮಳ ಮಂಕಾಗುತ್ತದೆ, ಎಂಜಿನ್ನಿನ ಸದ್ದು ಸಿಹಿಯ ರುಚಿಯನ್ನು ಇನ್ನಷ್ಟು ತಗ್ಗಿಸುತ್ತದೆ. ರುಚಿಗಾಗಿ ಕುಡಿಯುವವರು ನೆಲದ ಮೇಲೇ ಕುಡಿಯಬೇಕು.

ತಿಂಡಿ ಆರಿಸುವಾಗ ಮುಂದಿನ ಗಂಟೆಗಳನ್ನು ನೆನೆಯಿರಿ

ಹಾರುವ ವಿಮಾನದ ಒಳಗಿನ ಒತ್ತಡ ಸಮುದ್ರಮಟ್ಟದ್ದಲ್ಲ. ಅದು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟಿರುತ್ತದೆ. ಆ ಒತ್ತಡದಲ್ಲಿ ಗಾಳಿ ಹಿಗ್ಗುತ್ತದೆ. ಮೇಲಿನ ಮಿತಿಯಲ್ಲಿ ಸುಮಾರು ಮೂರನೇ ಒಂದು ಪಾಲು. ಚಿಪ್ಸ್ ಪೊಟ್ಟಣ ವಿಮಾನದಲ್ಲಿ ಉಬ್ಬಿಕೊಂಡು ನಿಲ್ಲುವುದು ಇದರಿಂದಲೇ, ನಿಮ್ಮ ಹೊಟ್ಟೆಯೊಳಗಿನ ಗಾಳಿಗೂ ಅದೇ ಗತಿ. ಸೋಡಾ ಪಾನೀಯ, ಎಲೆಕೋಸು, ಹುರುಳಿ-ಬೀನ್ಸ್ ಜಾತಿಯ ಕಾಳು, ಹಸಿ ಈರುಳ್ಳಿ ಇವನ್ನು ಬೋರ್ಡಿಂಗ್‌ಗೆ ಮುನ್ನ ಬಿಟ್ಟರೆ ಮೇಲೆ ಹೊಟ್ಟೆ ಬಿಗಿಯುವುದು ಕಡಿಮೆ. ಎಣ್ಣೆಯಲ್ಲಿ ಕರಿದ ತಿಂಡಿ ಜೀರ್ಣವಾಗಲು ಹೊತ್ತು ತೆಗೆದುಕೊಳ್ಳುತ್ತದೆ, ವಿಮಾನ ಕುಲುಕಿದರೆ ವಾಕರಿಕೆ ತರುತ್ತದೆ. ಹಾಗೆಂದು ಬರಿಹೊಟ್ಟೆಯಲ್ಲಿ ಹೋಗುವುದೂ ಸರಿಯಲ್ಲ. ಪ್ರಯಾಣದಲ್ಲಿ ತಲೆಸುತ್ತು ಬರುವವರಿಗೆ ಬರಿಹೊಟ್ಟೆಗಿಂತ ಹಗುರವಾಗಿ ತಿಂದ ಹೊಟ್ಟೆಯೇ ಒಳ್ಳೆಯದು.

ಬಾಳೆಹಣ್ಣು, ಸಾದಾ ಸ್ಯಾಂಡ್‌ವಿಚ್, ಬೇಯಿಸಿದ ಮೊಟ್ಟೆ, ಓಟ್ಸ್, ಒಂದು ಹಿಡಿ ಬೀಜಗಳು. ಬೇಗ ತಿನ್ನಬಹುದು, ಮೂರು ಗಂಟೆ ಹಸಿವು ತಡೆಯುತ್ತದೆ. ಬರೀ ಸಿಹಿ ಬನ್ನು, ಕೇಕು ತಿಂದರೆ ವಿಮಾನ ಮೇಲೇರುವ ಹೊತ್ತಿಗೇ ಮತ್ತೆ ಹಸಿವು. ಬಿಸಿಬಿಸಿ ಮಾಡಿಕೊಡುವ ತಿಂಡಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಹಣ ಕೊಡುವ ಮೊದಲೇ ಕೇಳಿ. ‘ಈಗ ಬಂತು’ ಎಂದರೆ ನಿಮಿಷ ಎಷ್ಟು ಎಂದು ಮತ್ತೊಮ್ಮೆ ಕೇಳಿ. ಕಡಲೆಕಾಯಿ, ಹಾಲು, ಗೋಧಿ ಇತ್ಯಾದಿ ಅಲರ್ಜಿ ಇರುವವರು ಮುಚ್ಚಿದ ಪೊಟ್ಟಣದಲ್ಲಿ ಪದಾರ್ಥಗಳ ಪಟ್ಟಿ ಇರುವುದನ್ನೇ ಕೊಳ್ಳಬೇಕು, ಆತುರದ ಕೌಂಟರಿನಲ್ಲಿ ಒಂದೇ ಚಾಕು ಎಲ್ಲದಕ್ಕೂ ಬಳಕೆಯಾಗುತ್ತದೆ.

ನೀರನ್ನು ಮರೆಯಬೇಡಿ. ಕ್ಯಾಬಿನ್ ಗಾಳಿಯ ತೇವಾಂಶ ಸಾಮಾನ್ಯವಾಗಿ 20 ಪ್ರತಿಶತಕ್ಕಿಂತ ಕಡಿಮೆ. ಕಾಫಿ ಜೊತೆಗೆ ಒಂದು ಲೋಟ ನೀರು ಕುಡಿದು, ಬಾಟಲಿ ತುಂಬಿಸಿಕೊಂಡೇ ಹತ್ತಿ.

ಹತ್ತುವ ಮುನ್ನ ಕೊನೆಯ ಹತ್ತು ನಿಮಿಷ

ಕಾಫಿ ಕೆಲವರಿಗೆ ಕೆಲವೇ ನಿಮಿಷಗಳಲ್ಲಿ ಶೌಚದ ಅವಸರ ತರುತ್ತದೆ. ವಿಮಾನ ರನ್‌ವೇಗೆ ಸಾಗುವಾಗ, ಮೇಲೇರುವಾಗ ಸೀಟಿನಿಂದ ಏಳಲು ಬಿಡುವುದಿಲ್ಲ, ಇದು ಅರ್ಧ ಗಂಟೆಗೂ ಹೆಚ್ಚಾಗಬಹುದು. ಅದಕ್ಕೇ ಆ ಹತ್ತು ನಿಮಿಷವನ್ನು ಲೆಕ್ಕದಲ್ಲಿ ಇಟ್ಟದ್ದು, ಅದನ್ನು ಕ್ಯೂಗೆ ಖರ್ಚು ಮಾಡಬೇಡಿ.

ಕಪ್ ಕೈಯಲ್ಲೇ ಉಳಿದರೆ? ಮುಚ್ಚಳ ಇರುವ ಕಪ್ಪನ್ನು ಕೆಲವು ವಿಮಾನ ಸಂಸ್ಥೆಗಳು ಒಳಗೆ ಬಿಡುತ್ತವೆ, ಕೆಲವು ಬಿಸಿ ಪಾನೀಯವನ್ನು ಬಾಗಿಲಲ್ಲೇ ತಡೆಯುತ್ತವೆ. ಬಿಟ್ಟರೂ ಕಿರಿದಾದ ನಡುದಾರಿಯಲ್ಲಿ ಚೀಲ ಎತ್ತಿಡುವಾಗ ಪಕ್ಕದವರ ಮೇಲೆ ಚೆಲ್ಲಿದರೆ ಅವರಿಗೆ ಆಗುವ ಸುಟ್ಟ ಗಾಯ ಸಣ್ಣದಲ್ಲ. ಸೀಟಿನ ಟ್ರೇ ಕೂಡ ಮೇಲೇರುವ ತನಕ ಮಡಚಿಟ್ಟಿರಬೇಕು, ಕಪ್ ಇಡಲು ಜಾಗವೇ ಇಲ್ಲ. ಗೇಟಿನ ಹತ್ತಿರವೇ ಮುಗಿಸಿ, ಉಳಿದದ್ದನ್ನು ಅಲ್ಲೇ ಚೆಲ್ಲಿ. ಫ್ಲಾಸ್ಕಿನಲ್ಲಿ ತುಂಬಿಸಿ ಒಯ್ಯುವವರು ಹಾರುವಾಗ ಅದರ ಮುಚ್ಚಳವನ್ನು ಮುಖದಿಂದ ದೂರ ಹಿಡಿದು ನಿಧಾನವಾಗಿ ಸಡಿಲಿಸಬೇಕು, ಒಳಗಿನ ಒತ್ತಡ ಹೊರಗಿನದಕ್ಕಿಂತ ಹೆಚ್ಚಿರುತ್ತದೆ.

ವಿಮಾನ ತಡವಾದರೆ, ಬೇರೆ ವಿಮಾನಕ್ಕೆ ಬದಲಿಸುವುದಿದ್ದರೆ

ಎರಡು ಗಂಟೆ ತಡ ಎಂದು ಪರದೆಯಲ್ಲಿ ಬಂದರೂ ಗೇಟಿನಿಂದ ಬಹಳ ದೂರ ಹೋಗಬೇಡಿ, ಆ ಸಮಯ ಕಡಿಮೆಯೂ ಆಗಬಹುದು. ತಡ ದೀರ್ಘವಾದರೆ ವಿಮಾನ ಸಂಸ್ಥೆಯ ಕೌಂಟರಿನಲ್ಲಿ ಊಟದ ಕೂಪನ್ ಕೇಳಿ. ಹಲವು ದೇಶಗಳ ನಿಯಮಗಳಲ್ಲಿ ಇಷ್ಟು ಗಂಟೆ ಮೀರಿದ ಮೇಲೆ ಆಹಾರ, ಪಾನೀಯ ಕೊಡುವುದು ಸಂಸ್ಥೆಯ ಹೊಣೆ. ಕೇಳದವರಿಗೆ ಅದು ಎಷ್ಟೋ ಸಲ ಸಿಗುವುದಿಲ್ಲ, ಕೇಳುವುದರಲ್ಲಿ ಸಂಕೋಚ ಬೇಡ.

ನಡುವೆ ವಿಮಾನ ಬದಲಿಸುವವರು ಮತ್ತೆ ಭದ್ರತಾ ತಪಾಸಣೆ ಇದೆಯೇ ಎಂದು ಮೊದಲೇ ತಿಳಿದುಕೊಳ್ಳಿ. ಮೊದಲ ನಿಲ್ದಾಣದಲ್ಲಿ ಒಳಗೆ ಕೊಂಡ ನೀರು, ಜ್ಯೂಸ್ ಎರಡನೆಯ ನಿಲ್ದಾಣದಲ್ಲಿ ಹೊರಗಿನದೇ. ಬದಲಾವಣೆಗೆ ಒಂದು ಗಂಟೆಯಷ್ಟೇ ಇದ್ದರೆ ಮೊದಲ ನಿಲ್ದಾಣದಲ್ಲೇ ಎರಡು ತಿಂಡಿ ಕೊಂಡು, ಒಂದನ್ನು ಚೀಲದಲ್ಲಿ ಇಟ್ಟುಕೊಳ್ಳಿ. ರಾತ್ರಿ ತಡವಾಗಿ ಇಳಿಯುವವರಿಗೂ ಇದೇ ಉಪಾಯ, ಏಕೆಂದರೆ ಆ ಹೊತ್ತಿಗೆ ಅಂಗಡಿಗಳು ಬಾಗಿಲು ಹಾಕಿರುತ್ತವೆ.

ಹಾಗೆ ಚೀಲದಲ್ಲಿಟ್ಟ ತಿಂಡಿ ಬೇರೆ ದೇಶದಲ್ಲಿ ಇಳಿಯುವ ಮೊದಲು ಖಾಲಿಯಾಗಿರಬೇಕು. ಹಣ್ಣು, ಮಾಂಸ, ಹಾಲಿನ ಪದಾರ್ಥಗಳ ಮೂಲಕ ಕೀಟ, ರೋಗ ಒಳಬರಬಾರದೆಂದು ಬಹಳ ದೇಶಗಳು ತಡೆಯುತ್ತವೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಘೋಷಿಸದೆ ಉಳಿದ ಒಂದು ಸೇಬಿಗೂ ದಂಡ ಬೀಳುತ್ತದೆ. ವಿಮಾನದಲ್ಲಿ ಕೊಟ್ಟ ಹಣ್ಣಿಗೂ ಈ ನಿಯಮ ಅನ್ವಯಿಸುತ್ತದೆ. ಇಳಿಯುವ ಮೊದಲು ಚೀಲದ ಹೊರಜೇಬು, ಮಕ್ಕಳ ಚೀಲ, ಕೋಟಿನ ಜೇಬು ಎಲ್ಲ ತಡಕಿ ನೋಡಿ. ಉಳಿದದ್ದನ್ನು ಗಗನಸಖಿಯ ಕಸದ ಚೀಲಕ್ಕೆ ಹಾಕಿ, ಇಲ್ಲವೇ ಇಳಿಯುವಾಗ ಕೊಡುವ ಘೋಷಣಾ ಪತ್ರದಲ್ಲಿ ಇದೆ ಎಂದು ಬರೆದು ಅಧಿಕಾರಿಗಳಿಗೆ ತೋರಿಸಿ.